ಸೊಂಟ ನೋವಿನ ಬಗ್ಗೆ ಪೋಷಕರಿಗೆ ಒಂದು ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಶನಿವಾರದ ಸಭೆಯಲ್ಲಿ ನಿಮ್ಮಲ್ಲಿ ಅರ್ಧ ಜನ ಗೋಡೆಗೆ ಒರಗಿ ನಿಂತೇ ಇದ್ದಿರಿ. ಕೂತ್ಕೊಳ್ಳಿ ಅಂದರೆ "ಬೇಡ ಟೀಚರ್, ಕೂತರೆ ಏಳೋಕಾಗಲ್ಲ" ಎಂದಿರಿ. ಮೂರನೇ ಕ್ಲಾಸಿನ ಬೆಂಚು ಚಿಕ್ಕದು, ಒಪ್ಪಿದೆ. ಆದರೆ ಮಕ್ಕಳ ಮಾರ್ಕ್ಸ್ ಬಿಟ್ಟು ಎಲ್ಲರೂ ಸೊಂಟದ ಬಗ್ಗೆಯೇ ಮಾತಾಡಿದ್ದರಿಂದ ಈ ಪತ್ರ.

ನಾನೇನೂ ಡಾಕ್ಟರಲ್ಲ. ಹೋದ ಮಳೆಗಾಲದಲ್ಲಿ, ಬೆಳಿಗ್ಗೆ ಐದಕ್ಕೆ ನೀರು ಬಂದಾಗ ತುಂಬಿದ ಬಕೆಟ್ ಎತ್ತಲು ಬಗ್ಗಿದವಳಿಗೆ ಸೊಂಟ ಹಿಡಿದುಬಿಟ್ಟಿತು. ಚಾಳಿನ ಅಕ್ಕಪಕ್ಕದವರ ಮಾತು ಕೇಳಿ ಎಂಟು ದಿನ ಮಲಗಿದೆ, ನೋವು ಜಾಸ್ತಿಯೇ ಆಯಿತು. ಡಾಕ್ಟರು ಬೈದು ಎಬ್ಬಿಸಿದರು. ಒಂದೆರಡು ದಿನಕ್ಕಿಂತ ಹೆಚ್ಚು ಮಲಗಬಾರದು, ಆದಷ್ಟು ಓಡಾಡಬೇಕು, ಬಿಸಿನೀರಿನ ಶಾಖ ಕೊಡಬಹುದು. ಇಂಥ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಇಳಿಯುತ್ತದೆಯಂತೆ. ಎಂಆರ್‌ಐ ಮಾಡಿಸಲೇ ಅಂದರೆ ಈಗ ಬೇಡ ಅಂದರು. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದದ್ದು ಕಾಣುತ್ತದೆ, ಸುಮ್ನೆ ಹೆದರಿಕೆ. ನೋವಿನ ಮಾತ್ರೆಯನ್ನು ಮೆಡಿಕಲ್‌ನಲ್ಲಿ ಕೇಳಿ ನುಂಗಬೇಡಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಬಿಪಿ ಇದ್ದವರಂತೂ ಬೇಡವೇ ಬೇಡ.

ಆದರೆ ಎಲ್ಲವನ್ನೂ 'ವಾಯು' ಅಂತ ತಳ್ಳಿಹಾಕುವ ಚಟ ನಮ್ಮವರಿಗಿದೆ. ಮೂತ್ರ ಕಟ್ಟಿದರೆ, ಮಲಮೂತ್ರ ತಡೆಯಲು ಆಗದಿದ್ದರೆ, ತೊಡೆಯ ಸಂದಿಯಲ್ಲಿ, ಕೂರುವ ಜಾಗದಲ್ಲಿ ಜೋಮು ಹಿಡಿದರೆ, ಕಾಲು ಸೋಲುತ್ತಾ ಹೋದರೆ ಅದೇ ದಿನ, ರಾತ್ರಿಯಾದರೂ ಸರಿ, ನಮ್ಮ ಮುಂಬೈಯ ಕೆಇಎಂ ಅಥವಾ ಸಯನ್‌ನಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿ. ಡಿಸ್ಕ್ ನರಗಳನ್ನು ಒತ್ತಿರಬಹುದು, ತಡವಾದರೆ ಆ ಹಾನಿ ಉಳಿದುಬಿಡಬಹುದು. ಬಿದ್ದ ಮೇಲೆ ಬಂದ ನೋವು, ಹಿಂದೆ ಕ್ಯಾನ್ಸರ್ ಇದ್ದವರ ನೋವು, ಮಲಗಿದರೂ ಬಿಡದ ನೋವು ಇವನ್ನೂ ಬೇಗ ತೋರಿಸಿ. ಸಂಜೆ ಜ್ವರ, ತೂಕ ಇಳಿಯುವುದು ಜೊತೆಗಿದ್ದರೆ ಬೆನ್ನುಮೂಳೆಯ ಟಿಬಿಯೂ ಇರಬಹುದು, ಟಿಬಿ ಎದೆಗೆ ಮಾತ್ರ ಬರುವುದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಿ ಉಚಿತ, ನಾಚಿಕೆ ಬೇಡ.

ಹೋಟೆಲಿನಲ್ಲಿ ಹನ್ನೆರಡು ಗಂಟೆ ಗಲ್ಲಾದ ಮೇಲೆ ಕೂರುವ ಅಪ್ಪಂದಿರೇ, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಗಿರಾಕಿ ಓಡಿಹೋಗಲ್ಲ.

ಮಕ್ಕಳ ಮಾತು ಬೇರೆ. ವಾರಗಟ್ಟಲೆ ಬೆನ್ನು ನೋವು ಅಂದರೆ, ನಿದ್ದೆಯಿಂದ ಎದ್ದು ಅತ್ತರೆ, ಶಾಲೆ ತಪ್ಪಿಸುವ ನೆಪ ಅಂದುಕೊಳ್ಳದೆ ಡಾಕ್ಟರಿಗೆ ತೋರಿಸಿ. ಕೇಂದ್ರ ಸರ್ಕಾರದ 2020ರ ನೀತಿಯಂತೆ ಚೀಲ ಮಗುವಿನ ತೂಕದ ಶೇ. 10ರಷ್ಟು ಮೀರಬಾರದು, ಅಂದರೆ 25 ಕಿಲೋ ಮಗುವಿಗೆ ಎರಡೂವರೆ ಕಿಲೋ. ಮೊನ್ನೆ ಒಂದು ಚೀಲದಲ್ಲಿ ಹೋದ ವರ್ಷದ ಪುಸ್ತಕಗಳೂ ಇದ್ದವು! ಸೋಮವಾರದಿಂದ ತೂಕದ ಯಂತ್ರ ಆಫೀಸಿನ ಬಾಗಿಲಲ್ಲೇ ಇರುತ್ತದೆ. ಬಿಡಲು ಬಂದಾಗ ಚೀಲ ತೂಗಿ ನೋಡಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ