ನಾಯಿಗೆ ಮನುಷ್ಯರ ಮಾತ್ರೆ, ಕೇಳುವವರಿಲ್ಲ

ಮಾನ್ಯರೇ,

ನೋವಿನ ಮಾತ್ರೆ ತಿಂದು ಆಸ್ಪತ್ರೆ ಸೇರುತ್ತಿರುವ ಸಾಕುನಾಯಿಗಳ ಬಗ್ಗೆ ನೀವು ಮೊನ್ನೆ ಪ್ರಕಟಿಸಿದ ವರದಿಯಲ್ಲಿ ತಪ್ಪನ್ನೆಲ್ಲ ನಾಯಿ ಸಾಕಿದವರ ತಲೆಗೇ ಕಟ್ಟಲಾಗಿದೆ. ನಮ್ಮ ಮನೆಯಲ್ಲಿ ನಡೆದದ್ದು ಬೇರೆ.

ಶನಿವಾರ ರಾತ್ರಿ ಮಳೆಗೆ ಮೆಟ್ಟಿಲಲ್ಲಿ ಜಾರಿ ನಮ್ಮ ನಾಯಿಯ ಕಾಲು ಉಳುಕಿತು. ಆ ಹೊತ್ತಿಗೆ ಪಶುವೈದ್ಯರು ಯಾರೂ ಸಿಗಲಿಲ್ಲ. ಅಮ್ಮ ಕೊಡೆ ಹಿಡಿದು ಮೆಡಿಕಲ್‌ಗೆ ಹೋಗಿ ನಾಯಿಗೆ ಔಷಧ ಇದೆಯೇ ಎಂದು ಕೇಳಿದರೆ, ಅಲ್ಲಿದ್ದ ಹುಡುಗ ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ ಕಾಗದದ ಕವರಿಗೆ ಹಾಕಿ, "ಅರ್ಧರ್ಧ ಕೊಡಿ ಅಮ್ಮ, ಏನೂ ಆಗುವುದಿಲ್ಲ" ಎಂದು ಕಳುಹಿಸಿದ್ದಾನೆ. ವೈದ್ಯರ ಚೀಟಿ ಕೇಳಲಿಲ್ಲ, ಬಿಲ್ಲೂ ಕೊಡಲಿಲ್ಲ. ಮರುದಿನ ನಾಯಿ ವಾಂತಿ ಮಾಡಿಕೊಂಡು ಡಾಂಬರಿನಂತೆ ಕಪ್ಪಗೆ ಭೇದಿ ಮಾಡತೊಡಗಿತು. ಪಶುವೈದ್ಯರು ಮೊದಲು ಕೇಳಿದ್ದೇ ಯಾವ ಮಾತ್ರೆ ಎಂದು. ಹೆಸರಿದ್ದ ತುಂಡು ಅಂಗಡಿಯಲ್ಲೇ ಉಳಿದಿತ್ತು. ಭಾನುವಾರ ಅಂಗಡಿಗೆ ಬೀಗ. ಸೋಮವಾರ ಕೆಲಸಕ್ಕೆ ರಜೆ ಹಾಕಿ, ಬಾಗಿಲು ತೆರೆಯುವವರೆಗೆ ಕಾದು ನಿಂತ ಮೇಲೆ ತಿಳಿಯಿತು: ನ್ಯಾಪ್ರೋಕ್ಸೆನ್ ಎಂಬ, ಮನುಷ್ಯರ ನೋವಿನ ಮಾತ್ರೆ.

ಮನುಷ್ಯರ ರಕ್ತದಲ್ಲಿ ಈ ಔಷಧ ಅರ್ಧಕ್ಕಿಳಿಯಲು 12ರಿಂದ 17 ತಾಸು ಸಾಕು. ನಾಯಿಯಲ್ಲಿ 70 ತಾಸನ್ನೂ ದಾಟಬಹುದು, ಏಕೆಂದರೆ ಪಿತ್ತದೊಂದಿಗೆ ಕರುಳಿಗೆ ಬಂದ ಔಷಧ ಮತ್ತೆ ರಕ್ತಕ್ಕೇ ಸೇರುತ್ತದೆ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ. ದೇಹ ಸಣ್ಣದು, ಆದ್ದರಿಂದ ಅರ್ಧ ಮಾತ್ರೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಕ್ಕಿಗಾದರೆ ಒಂದು ಪ್ಯಾರಾಸಿಟಮಾಲ್ ಮಾತ್ರೆಯೇ ಪ್ರಾಣ ತೆಗೆಯಬಹುದು. ಅಂಗಡಿಯ ಗೋಡೆಯಲ್ಲಿ ಫಾರ್ಮಸಿಸ್ಟ್ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಆ ಫಾರ್ಮಸಿಸ್ಟ್ ಎಲ್ಲಿದ್ದಾರೆ?

ಜಾನುವಾರುಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಕೊಡುವುದನ್ನು 2006ರಲ್ಲಿ ನಿಲ್ಲಿಸಿದ್ದು, ಅದು ಸೇರಿದ ಕಳೇಬರ ತಿಂದು ರಣಹದ್ದುಗಳ ಸಂತತಿಯೇ ಅಳಿವಿನಂಚಿಗೆ ಬಂದ ಮೇಲೆ. ನಾಯಿಗಳು ಇನ್ನೆಷ್ಟು ಸಾಯಬೇಕು? ದೂರು ಕೊಡಲು ಫೋನ್ ಮಾಡಿದರೆ ಪ್ರತಿಯೊಬ್ಬರೂ ಇನ್ನೊಂದು ಕಚೇರಿಯ ನಂಬರ್ ಕೊಡುತ್ತಾರೆ. ಕಳೆದ ಮಳೆಗಾಲದಲ್ಲಿ ಚರಂಡಿ ಉಕ್ಕಿ ಅಂಗಳಕ್ಕೆ ನೀರು ನುಗ್ಗಿದಾಗಲೂ "ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ" ಎಂಬ ಉತ್ತರವೇ ಸಿಕ್ಕಿತ್ತು. ಕೆಟ್ಟ ಬೀದಿದೀಪಕ್ಕೂ ಅದೇ ಮಾತು. ಹಾಗಾದರೆ ಇವರ ವಿಭಾಗಕ್ಕೆ ಬರುವುದಾದರೂ ಏನು?

ನಾಯಿ ಇನ್ನೂ ಡ್ರಿಪ್‌ನಲ್ಲಿದೆ. ಚೀಟಿ ಇಲ್ಲದೆ ಮಾತ್ರೆ ಮಾರುವವರ ಪರವಾನಗಿ ರದ್ದಾಗಲಿ, ರಾತ್ರಿ ವೇಳೆ ಒಬ್ಬರಾದರೂ ಪಶುವೈದ್ಯರು ಸಿಗುವಂತಾಗಲಿ. ಸಂಬಂಧಪಟ್ಟವರು ಮೊದಲು ಕುರ್ಚಿ ಬಿಟ್ಟು ಏಳಲಿ.

– ನೊಂದ ಓದುಗ, ಬಿಜೈ, ಮಂಗಳೂರು