ಬಿಸಿಎ ಲ್ಯಾಬಿನ ನೀಲಿ ಪರದೆ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿಸಿಎ (ಕಂಪ್ಯೂಟರ್ ಪದವಿ) ಮಕ್ಕಳಿಗೆ ಪಾಠ ಮಾಡುವ ಅತಿಥಿ ಉಪನ್ಯಾಸಕ. ಗೌರವಧನ, ಸೇವಾ ಭದ್ರತೆಯ ಮಾತು ಇಲ್ಲಿ ಎತ್ತುವುದಿಲ್ಲ. ಅದನ್ನು ನಮ್ಮವರು ಫ್ರೀಡಂ ಪಾರ್ಕಿನಲ್ಲಿ ಕೂತು ಹೇಳುತ್ತಲೇ ಇದ್ದಾರೆ. ಈ ಪತ್ರ ಲ್ಯಾಬಿನ ಬಗ್ಗೆ.

ನಮ್ಮ ಲ್ಯಾಬಿನಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ರೋಗ್ರಾಂ ಮಾಡಿಸುವುದು ಟರ್ಬೊ ಸಿ++ನಲ್ಲಿ. ಬೋರ್ಲಾಂಡ್ ಕಂಪನಿ 1990ರ ದಶಕದ ಆರಂಭದಲ್ಲಿ ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಂಗೆಂದು ಮಾಡಿದ ಸಾಫ್ಟ್‌ವೇರ್ ಅದು. ಈಗಿನ ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ, ಡಾಸ್‌ನಂತೆ ನಟಿಸುವ ಡಾಸ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ ಓಡಿಸುತ್ತೇವೆ. ಟರ್ಬೊದ ಆ ನೀಲಿ ಪರದೆಯಲ್ಲಿ ಮೌಸ್ ಕೂಡ ಮಾತು ಕೇಳುವುದಿಲ್ಲ. ಇದೇ ಮಕ್ಕಳು ಕ್ಯಾಂಪಸ್ ಡ್ರೈವ್‌ಗೆ ಹೋಗಿ, ಆನ್‌ಲೈನ್ ಟೆಸ್ಟ್‌ನಲ್ಲಿ ಅಭ್ಯಾಸಬಲದಿಂದ ಟರ್ಬೊದ ಕೋನಿಯೊ ಹೆಡರ್ ಹಾಕಿ, ಪರದೆ ಒರೆಸುವ 'ಕ್ಲಿಯರ್ ಸ್ಕ್ರೀನ್' ಆಜ್ಞೆ ಬರೆಯುತ್ತಾರೆ. ಅಲ್ಲಿನ ಕಂಪೈಲರ್‌ಗೆ (ಪ್ರೋಗ್ರಾಂ ಅನ್ನು ಕಂಪ್ಯೂಟರ್ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್‌ಗೆ) ಅದೇನೆಂದೇ ಗೊತ್ತಿಲ್ಲ. ಮೊದಲ ಸಾಲಿನಲ್ಲೇ ಎರರ್.

ಇನ್ನೊಂದು ಕೇಳಿ. ಫ್ಯಾಕ್ಟೋರಿಯಲ್, ಅಂದರೆ 1ರಿಂದ ಆ ಸಂಖ್ಯೆಯವರೆಗಿನ ಗುಣಲಬ್ಧ, ತೆಗೆಯುವ ಪ್ರೋಗ್ರಾಂ ಎಲ್ಲರ ಲ್ಯಾಬ್ ರೆಕಾರ್ಡ್ ಪುಸ್ತಕದಲ್ಲೂ ಇರುತ್ತದೆ. ಇನ್‌ಪುಟ್ 5, ಔಟ್‌ಪುಟ್ 120. ಒಬ್ಬ ಹುಡುಗ 8 ಹಾಕಿದ. ಉತ್ತರ ಬಂದದ್ದು ಮೈನಸ್ 25216. "ಸರ್, ಸಿಸ್ಟಂ ಕೆಟ್ಟಿದೆಯಾ?" ಅಂದ. ಪಕ್ಕದವಳು, "ಸುಮ್ನೆ 5 ಹಾಕೋ, ರೆಕಾರ್ಡಲ್ಲಿ ಅದೇ ಇರೋದು" ಅಂದಳು.

ಸಿಸ್ಟಂ ಕೆಟ್ಟಿರಲಿಲ್ಲ. ಟರ್ಬೊ ಸಿಯಲ್ಲಿ ಪೂರ್ಣಾಂಕ ಇಡುವ 'ಇಂಟ್'ಗೆ ಮೆಮೊರಿಯಲ್ಲಿ ಎರಡೇ ಬೈಟ್ ಜಾಗ. 32767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ, 8ರ ಫ್ಯಾಕ್ಟೋರಿಯಲ್ 40320. ಈಗಿನ ಕಂಪೈಲರ್‌ಗಳಲ್ಲಿ ಇಂಟ್‌ಗೆ ಸಾಮಾನ್ಯವಾಗಿ ನಾಲ್ಕು ಬೈಟ್ ಇರುವುದರಿಂದ 12ರವರೆಗೂ ಸರಿಯಾದ ಉತ್ತರ ಬರುತ್ತದೆ, 13ಕ್ಕೆ ಅಲ್ಲೂ ಕೈಕೊಡುತ್ತದೆ. ಆ ದಿನ ಮೆಮೊರಿಯ ಪಾಠವನ್ನು ಬೋರ್ಡ್ ಮೇಲೆ ಮಾಡಿದಷ್ಟು ಖುಷಿಯಾಗಿ ನಾನು ಬೇರೆ ಯಾವತ್ತೂ ಮಾಡಿಲ್ಲ. ಆದರೆ ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ. ಮಾರ್ಕ್ಸ್ ಇರುವುದು 120ಕ್ಕೆ.

ಪಠ್ಯಕ್ರಮದಲ್ಲಿ ಟರ್ಬೊ ಎಂಬ ಹೆಸರೇ ಇಲ್ಲ ಸರ್, ಸಿ ಎಂದಷ್ಟೇ ಇದೆ. ಆದರೆ ಹೊರಗಿನಿಂದ ಬರುವ ಎಕ್ಸಾಮಿನರ್ ಅದನ್ನೇ ಕೇಳಿದರೆ ಎಂಬ ಭಯಕ್ಕೆ ಯಾರೂ ಬದಲಾಯಿಸುವುದಿಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ, ಜಿಸಿಸಿ ಕಂಪೈಲರ್ ಎರಡೂ ಬಿಟ್ಟಿ ಸಿಗುತ್ತವೆ, ಹಳೇ ಕಂಪ್ಯೂಟರಲ್ಲೂ ಓಡುತ್ತವೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳೇ ಲಿನಕ್ಸ್ ಮೇಲೆ ಕಲಿಯುತ್ತಿದ್ದಾರೆ. ನಮ್ಮ ಡಿಗ್ರಿ ಮಕ್ಕಳಿಗೆ ಆಗಲ್ವಾ?

ಇನ್ನು ರೆಕಾರ್ಡ್ ಬುಕ್. ಗೆರೆ ಇರುವ ಪುಟದಲ್ಲಿ ಪೆನ್ನಿಂದ ಪ್ರೋಗ್ರಾಂ, ಖಾಲಿ ಪುಟದಲ್ಲಿ ಪೆನ್ಸಿಲ್ ಬಾಕ್ಸ್ ಎಳೆದು ಔಟ್‌ಪುಟ್. ಸೀನಿಯರ್ ಪುಸ್ತಕ ನೋಡಿ ಇಳಿಸುತ್ತಾರೆ, ನಾವು ಕೂತು ಸೈನ್ ಹಾಕುತ್ತೇವೆ. ಓಡುತ್ತಿರುವ ಪ್ರೋಗ್ರಾಂ ತೋರಿಸಿದವನಿಗೂ ರೆಕಾರ್ಡ್ ಮುಗಿಸದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಪರೀಕ್ಷೆಯಲ್ಲೂ ಅಷ್ಟೇ, ಚೀಟಿ ಎತ್ತಿ, ಬಂದ ಪ್ರೋಗ್ರಾಂ ಮೊದಲು ಹಾಳೆಯಲ್ಲಿ ಬರೆಯಬೇಕು. ಬಾಯಿಪಾಠ ಮಾಡಿದವರು ಗೆಲ್ಲುತ್ತಾರೆ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಕಥೆ ನಿಮಗೂ ಗೊತ್ತಿರಬಹುದು. ದುಡ್ಡು ಕೊಟ್ಟರೆ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ ರಿಪೋರ್ಟ್ ಸಮೇತ ಬೈಂಡ್ ಆಗಿ ಬರುತ್ತದೆ. ಇದಕ್ಕೆ ಪೊಲೀಸರು ಬೇಡ. ವೈವಾದಲ್ಲಿ "ಇದಕ್ಕೆ ಒಂದು ಫೋನ್ ನಂಬರ್ ಕಾಲಂ ಸೇರಿಸಿ ತೋರಿಸಪ್ಪಾ" ಎಂದು ಅರ್ಧ ಗಂಟೆ ಕೊಟ್ಟರೆ ಸಾಕು, ಯಾರು ಮಾಡಿದ್ದು ಎಂದು ತಿಳಿಯುತ್ತದೆ.

ನೀತಿಗಳು ಬದಲಾದದ್ದು ಬೇಕಾದಷ್ಟಾಯಿತು. 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ನಾಲ್ಕು ವರ್ಷದ ಆನರ್ಸ್ ಅಂದರು. 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಅದೇ ವರ್ಷ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ ಬಿಸಿಎಯನ್ನೂ ತನ್ನ ಅನುಮೋದನೆಯ ಕೆಳಗೆ ತಂದಿತು. ಆ ವರ್ಷ ನಾವು ಬೆಳಗ್ಗೆ ಒಂದು ಪಠ್ಯಕ್ರಮ, ಮಧ್ಯಾಹ್ನ ಇನ್ನೊಂದು ಪಾಠ ಮಾಡಿದೆವು. ಇಷ್ಟೆಲ್ಲ ಆದರೂ ನೀಲಿ ಪರದೆ ಅಲ್ಲಾಡಲಿಲ್ಲ. ಯಾವ ಕಮಿಟಿಯೂ ಲ್ಯಾಬ್ ಒಳಗೆ ಬಂದು ನೋಡಲಿಲ್ಲ ಎಂಬುದು ನನ್ನ ಅನುಮಾನ.

ಪಠ್ಯಕ್ರಮ ನೋಡುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ಸಚಿವರಲ್ಲ ಎನ್ನಬಹುದು. ಸರಿ. ಆದರೆ ನೀವು ಈ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳೂ ಹೌದು. ಕುಲಪತಿಗಳಿಗೆ ನೀವೊಂದು ಪತ್ರ ಬರೆದರೆ ಅಧ್ಯಯನ ಮಂಡಳಿಯವರು ಮುಂದಿನ ಸಭೆಯಲ್ಲೇ ಅದನ್ನು ಚರ್ಚೆಗೆ ತಗೋತಾರೆ. ಲ್ಯಾಬ್ ಪರೀಕ್ಷೆ ಪೂರ್ತಿ ಕಂಪ್ಯೂಟರ್ ಮೇಲೇ ಆಗಲಿ, ಈಗಿನ ಕಂಪೈಲರಿನಲ್ಲಿ. ಕೈಬರಹದ ರೆಕಾರ್ಡ್ ಬದಲು ಮಕ್ಕಳು ತಾವೇ ಬರೆದ ಫೈಲುಗಳನ್ನು ವಾರವಾರ ಒಪ್ಪಿಸಲಿ. ಎಕ್ಸಾಮಿನರ್‌ಗಳಿಗೂ ಎರಡು ದಿನದ ತರಬೇತಿ ಇರಲಿ, ಇಲ್ಲದಿದ್ದರೆ ಅವರೇ ಹಳೆಯದನ್ನು ಕೇಳುತ್ತಾರೆ.

ಮತ್ತೊಂದು ವಿಷಯ ಪೂರ್ತಿ ನಿಮ್ಮ ಇಲಾಖೆಯದೇ. ಅತಿಥಿ ಉಪನ್ಯಾಸಕರ ಆಯ್ಕೆ ಸೆಮಿಸ್ಟರ್ ಶುರುವಾಗುವ ಮೊದಲೇ ಮುಗಿಯಲಿ. ನಮ್ಮ ಆದೇಶ ಬರುವ ಹೊತ್ತಿಗೆ ಮೊದಲ ಇಂಟರ್ನಲ್ಸ್ ಹತ್ತಿರ ಬಂದಿರುತ್ತದೆ. ಅಲ್ಲಿಯವರೆಗೆ ಲ್ಯಾಬಿಗೆ ಬೀಗ. ಈ ಸಲ ಆಯ್ಕೆಯ ವೇಳಾಪಟ್ಟಿಯನ್ನು ಅಡ್ಮಿಷನ್ ವೇಳಾಪಟ್ಟಿಯ ಜೊತೆಗೇ ಹೊರಡಿಸಿ ಸರ್.

ಇಂತಿ,
ಒಬ್ಬ ಅತಿಥಿ ಉಪನ್ಯಾಸಕ