ಕೋಪನ್‌ಹೇಗನ್ನಿನಲ್ಲಿ ಏಳು ಗಂಟೆ

ಟ್ರಾಂಡ್‌ಹೈಮ್, ನಾರ್ವೆ
ಮೇ 18

ಅಮ್ಮ,

ನಿನಗೂ ಅಪ್ಪನಿಗೂ ನಮಸ್ಕಾರ. ನಾವಿಲ್ಲಿ ಕ್ಷೇಮ. ನಿನ್ನ ಕಾಗದ ಬಂತು. ಜೂನ್‌ನಲ್ಲಿ ನಮ್ಮಲ್ಲಿಗೆ ಬರುವಾಗ ವಿಮಾನ ಬದಲಿಸಲು ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ನೀವು ಕಾಯಬೇಕಲ್ಲ, ಅದಕ್ಕೆ "ಗುರುತು ಪರಿಚಯ ಇಲ್ಲದ ಊರಲ್ಲಿ ಏಳು ಗಂಟೆ, ಇವರ ಶುಗರ್ ಏರುಪೇರಾದರೆ ಯಾರನ್ನ ಕೇಳೋದು, ವಿಮಾನ ಇಳಿದಲ್ಲೇ ಕೂತಿರ್ತೀವಿ" ಎಂದು ಬರೆದಿದ್ದೀಯ. ಕೂರಬೇಡಿ, ಊರು ನೋಡಿಕೊಂಡೇ ಬನ್ನಿ. ಹೆದರುವಂಥದ್ದು ಏನೂ ಇಲ್ಲ.

ಮೊದಲು ಅಪ್ಪನ ವಿಷಯ. ಜೂನ್‌ನಲ್ಲಿ ಡೆನ್ಮಾರ್ಕಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಂದರೆ ಆ ದಿನ ಅಪ್ಪನಿಗೆ 24 ಗಂಟೆಯದಲ್ಲ, 27½ ಗಂಟೆಯ ದಿನ. ರಾತ್ರಿಯ ಇನ್ಸುಲಿನ್ ಯಾವ ಗಡಿಯಾರಕ್ಕೆ, ಎಷ್ಟು ಯೂನಿಟ್ ಎಂದು ಡಾಕ್ಟರ ಹತ್ತಿರ ಈ ವಾರವೇ ಬರೆಸಿಕೊಳ್ಳಿ. ನೀವೇ ಲೆಕ್ಕ ಹಾಕಬೇಡಿ. ಇನ್ಸುಲಿನ್, ಸೂಜಿ, ಗ್ಲುಕೋಮೀಟರ್, ಡಾಕ್ಟರ ಪತ್ರ ಎಲ್ಲ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆಗೆ ಹಾಕಿದರೆ ವಿಮಾನದ ಹೊಟ್ಟೆಯ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಬಹುದು, ಆಮೇಲೆ ಅದು ಕೆಲಸಕ್ಕೆ ಬಾರದು. ಕೈಚೀಲದ ದ್ರವಕ್ಕಿರುವ 100 ಮಿ.ಲೀ. ನಿಯಮ ಔಷಧಿಗೆ ಇಲ್ಲ; ತಪಾಸಣೆಯಲ್ಲಿ ತೆಗೆದು ತೋರಿಸಿದರೆ ಸಾಕು.

ನೀವು ಇಳಿಯುವಾಗ ಅಲ್ಲಿ ಬೆಳಗ್ಗೆ 9. ಅಪ್ಪನ ಹೊಟ್ಟೆಗೆ ಅದು ಮಧ್ಯಾಹ್ನ ಹನ್ನೆರಡೂವರೆ, ಊಟದ ಹೊತ್ತು. ತೊಂದರೆ ಆಗುವುದಾದರೆ ಊರೊಳಗಲ್ಲ, ಈ ವಿಮಾನ ನಿಲ್ದಾಣದಲ್ಲೇ. ಪಾಸ್‌ಪೋರ್ಟ್ ಸಾಲು ಒಂದು ಗಂಟೆ ಹಿಡಿಯಬಹುದು, ಬೆರಳಚ್ಚು ನೋಡಿ, ಫೋಟೋ ತೆಗೆಯಬಹುದು. ಆದ್ದರಿಂದ ಸಾಲಿಗೆ ನಿಲ್ಲುವ ಮೊದಲೇ ಒಂದು ಕುರ್ಚಿ ಹಿಡಿದು ಎರಡು ಚಪಾತಿ, ಚಟ್ನಿಪುಡಿ ತಿನ್ನಿಸಿಬಿಡು. ಊಟದ ಇನ್ಸುಲಿನ್ ತಟ್ಟೆ ಎದುರಿಗೆ ಬಂದ ಮೇಲೆಯೇ, "ಆಮೇಲೆ ತಿಂತೀನಿ" ಎಂದರೆ ಕೊಡಬೇಡ. ಗ್ಲೂಕೋಸ್ ಪುಡಿ ಅಪ್ಪನ ಅಂಗಿ ಜೇಬಿನಲ್ಲೇ ಇರಲಿ, ನಿನ್ನ ಬ್ಯಾಗಿನಲ್ಲಲ್ಲ. ಶುಗರ್ ಇಳಿದು ಬೆವರು, ಕೈನಡುಕ ಕಂಡರೆ ಮೂರು ಟೀ ಚಮಚ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಚೆಕ್ ಮಾಡು. ಶುಗರ್ ಇನ್ನೂ ಕಡಿಮೆಯೇ ಇದ್ದರೆ ಇನ್ನೊಮ್ಮೆ ಕೊಡು. ತುರ್ತು ಸಹಾಯಕ್ಕೆ ಯಾವ ಫೋನಿನಿಂದಾದರೂ 112, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಬೇಕಾಗುವುದೇ ಇಲ್ಲ, ಆದರೂ ಬರೆದಿಟ್ಟುಕೊ.

ನಾರ್ವೆ ಕೊಟ್ಟ ಷೆಂಗೆನ್ ವೀಸಾದಲ್ಲೇ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹೊರಗೆ ಹೋಗಬಹುದು. ವಾಪಸ್ ಟಿಕೆಟ್, ಇನ್ಶೂರೆನ್ಸ್, ನನ್ನ ಆಹ್ವಾನ ಪತ್ರ ಪಾಸ್‌ಪೋರ್ಟ್ ಸಾಲಿನಲ್ಲೇ ಕೇಳಬಹುದು, ಕೈಯಲ್ಲಿರಲಿ. ಪೆಟ್ಟಿಗೆಯ ಚೀಟಿಯಲ್ಲಿ ಟಿಆರ್‌ಡಿ (TRD, ನಮ್ಮೂರಿನ ವಿಮಾನ ನಿಲ್ದಾಣದ ಗುರುತು) ಎಂದು ಇದೆಯಾ ಎಂದು ಬೆಂಗಳೂರಿನಲ್ಲೇ ನೋಡಿಕೊಳ್ಳಿ, ಇದ್ದರೆ ಅದು ನೇರ ಇಲ್ಲಿಗೆ ಬರುತ್ತದೆ. ತುಪ್ಪ, ಧಾರವಾಡ ಪೇಡ, ಮೊಸರನ್ನ ಬೇಡಮ್ಮ. ಹಾಲಿನ ಪದಾರ್ಥ ಹೊರಗಿನಿಂದ ತರುವ ಹಾಗಿಲ್ಲ, ಕಿತ್ತು ಎಸೆಯುತ್ತಾರೆ. ಹಸಿ ಕರಿಬೇವೂ ಬೇಡ. ಸಾರಿನಪುಡಿ, ಅವಲಕ್ಕಿ, ಕೋಡುಬಳೆ ಎಷ್ಟಾದರೂ ತಾ.

ಹೊರಗೆ ಬಂದ ಮೇಲೆ ಟರ್ಮಿನಲ್ 3ರ ತುದಿಯಲ್ಲಿ ಮೇಲಕ್ಕೆ ಹೋಗಿ, ಮೆಟ್ರೋ ಅಲ್ಲಿದೆ. ಕೆಳಗಿನ ರೈಲು ಹತ್ತಬೇಡಿ, ಅದರಲ್ಲಿ ಕೆಲವು ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೋಗೆ ಹೋಗುತ್ತವೆ! ಟಿಕೆಟ್ ಯಂತ್ರದಲ್ಲಿ ಕಾರ್ಡಿನಿಂದ ಕೊಳ್ಳಿ. ಅಲ್ಲಿ ಕ್ರೋನರ್, ಯೂರೋ ಅಲ್ಲ. ಗೇಟು ಇಲ್ಲ ಎಂದು ಟಿಕೆಟ್ ಇಲ್ಲದೆ ಹತ್ತಿದರೆ ದಂಡ ಭಾರಿ. ರೈಲಿಗೆ ಡ್ರೈವರ್ ಇಲ್ಲ, ಅಪ್ಪನನ್ನು ಮುಂದಿನ ಗಾಜಿನ ಹತ್ತಿರ ಕೂರಿಸು. ಕಾಲು ಗಂಟೆಯಲ್ಲಿ ಕಾಂಗೆನ್ಸ್ ನೂಟೋರ್ವ್ ಸ್ಟೇಷನ್, ಅಲ್ಲಿ ಇಳಿಯಿರಿ. ಅಲ್ಲಿಂದಲೇ ಮ್ಯಾಗಸಿನ್ ಎಂಬ ದೊಡ್ಡ ಅಂಗಡಿಗೆ ಬಾಗಿಲಿದೆ, ಶೌಚಾಲಯಕ್ಕೆ ಅಲ್ಲಿಗೇ ಹೋಗಿ.

ಎದುರಿಗೇ ನೂಹೌನ್, 1670ರ ದಶಕದಲ್ಲಿ ತೋಡಿಸಿದ ಕಾಲುವೆ, ದಡದ ತುಂಬ ಬಣ್ಣಬಣ್ಣದ ಹಳೆಯ ಮನೆಗಳು. ಅಲ್ಲಿಂದ ನಿಧಾನವಾಗಿ ಹತ್ತು ನಿಮಿಷ ನಡೆದರೆ ಅಮಾಲಿಯನ್‌ಬೋರ್ಗ್ ಅರಮನೆ, 12ಕ್ಕೆ ಸರಿಯಾಗಿ ಕಾವಲುಗಾರರ ಪಾಳಿ ಬದಲಾಗುತ್ತದೆ, ಕರಡಿ ಚರ್ಮದ ಟೋಪಿ ಹಾಕಿಕೊಂಡು ಬರುತ್ತಾರೆ. ನೋಡಿ ವಾಪಸ್ ನೂಹೌನ್‌ಗೆ. ಅಪ್ಪನ ಶುಗರ್ ಒಮ್ಮೆ ಚೆಕ್ ಮಾಡಿ, ಏನಾದರೂ ತಿನ್ನಿಸಿಯೇ ಕಾಲುವೆ ಸುತ್ತಿಸುವ ದೋಣಿ ಹತ್ತಿ. ಸುತ್ತು ಸುಮಾರು ಒಂದು ಗಂಟೆ, ಮಧ್ಯೆ ಇಳಿಯಲಾಗದು. ಚಿಕ್ಕಪ್ಪ ಹೇಳುವ ಮತ್ಸ್ಯಕನ್ಯೆ ದೋಣಿಯಿಂದ ಬೆನ್ನಷ್ಟೇ ಕಾಣುತ್ತಾಳೆ. 1913ರ ಮೂರ್ತಿ, ಎತ್ತರ ಒಂದೂಕಾಲು ಮೀಟರ್. ಅದಕ್ಕಾಗಿ ಎರಡು ಕಿಲೋಮೀಟರ್ ನಡೆಯುವುದು ಬೇಡ. ಮಳೆ ಬಂದರೆ ದೋಣಿ ಬಿಟ್ಟು ಮೆಟ್ರೋದಲ್ಲಿ ಒಂದೇ ಸ್ಟೇಷನ್, ನೋರೆಪೋರ್ಟ್‌ಗೆ ಹೋಗಿ, ಹತ್ತಿರದಲ್ಲೇ ದುಂಡು ಗೋಪುರ, 1642ರದು. ಮೆಟ್ಟಿಲ ಬದಲು 209 ಮೀಟರ್ ಸುತ್ತುದಾರಿ ಇದೆ, ತುದಿಯಲ್ಲಿ ಮಾತ್ರ ಕಿರಿದಾದ ಮೆಟ್ಟಿಲು. ಅಪ್ಪನಿಗೆ ದಣಿವಾದಲ್ಲೇ ನಿಲ್ಲಬಹುದು.

ಫುಟ್‌ಪಾತಿಗೂ ರಸ್ತೆಗೂ ನಡುವಿನ ಪಟ್ಟಿ ಸೈಕಲ್ಲಿನದು. ಫೋಟೋ ತೆಗೆಯಲು ಅದರ ಮೇಲೆ ನಿಲ್ಲಬೇಡಿ, ವೇಗವಾಗಿ ಬರುತ್ತಾರೆ. ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಮಕ್ಕಳು ಮಲಗಿರುತ್ತವೆ, ತಾಯಿ ಒಳಗಿರುತ್ತಾಳೆ. ನೋಡಿ ಗಾಬರಿಯಾಗಬೇಡ, ನಿರ್ಲಕ್ಷ್ಯವಲ್ಲ. ತಂಪು ಗಾಳಿಯಲ್ಲಿ ಮಗು ಚೆನ್ನಾಗಿ ಮಲಗುತ್ತದೆ ಎಂದು ಇಲ್ಲಿಯವರ ರೂಢಿ. ಜೂನ್ ಆದರೂ ಗಾಳಿ ಚಳಿ, ಸ್ವೆಟರ್ ಬೇಕೇ ಬೇಕು.

ಎರಡೂಕಾಲಿಗೆ ವಾಪಸ್ ಮೆಟ್ರೋದಲ್ಲಿರಿ. ಇಲ್ಲೇ ಹೊಸಬರು ತಪ್ಪುವುದು. ಒಂದೇ ಪ್ಲಾಟ್‌ಫಾರ್ಮಿಗೆ ಎಂ1, ಎಂ2 ಎಂಬ ಎರಡು ಮಾರ್ಗದ ರೈಲೂ ಬರುತ್ತವೆ, ಫಲಕದಲ್ಲಿ ಲುಫ್ತ್‌ಹಾವ್ನೆನ್ (Lufthavnen, ಅಂದರೆ ವಿಮಾನ ನಿಲ್ದಾಣ) ಎಂದಿರುವ ಎಂ2 ಮಾತ್ರ ಹತ್ತಿ. ತಪ್ಪಿ ಎಂ1 ಹತ್ತಿದರೆ ಮುಂದಿನ ಕ್ರಿಸ್ಟಿಯಾನ್ಸ್‌ಹಾವ್ನ್‌ನಲ್ಲೇ ಇಳಿದು ಹಿಂದೆ ಬರುವ ಎಂ2 ಹಿಡಿಯಿರಿ. ವಿಮಾನ ತಡವಾಗಿ ಹನ್ನೊಂದೂವರೆಯ ಮೇಲೆ ಇಳಿದರೆ ಊರಿಗೆ ಹೋಗಬೇಡಿ, 4ರ ವಿಮಾನ ಮುಖ್ಯ.

ಅಪ್ಪನಿಗೆ ಏನೂ ಆಗುವುದಿಲ್ಲ. ಡಾಕ್ಟರ ಚೀಟಿ ಬರೆಸಿದ ಕೂಡಲೇ ಅದರ ಫೋಟೋ ಕಳಿಸು, ಮರೆಯಬೇಡ, ಈ ವಾರವೇ. ಬಸ್ಸಿಗೆ ಹೊತ್ತಾಯಿತು, ಓಡುತ್ತೇನೆ. ಅಜ್ಜಿಗೆ ನಮಸ್ಕಾರ ಹೇಳು.

ನಿನ್ನ
ಪುಟ್ಟಿ